ಥರ್ಮಾಮೀಟರ್ 97 ತೋರಿಸಿದರೆ 97 ಅಂತಲೇ ಬರೆಯಲು ಬಿಡಿ

ಶಾಲಾ ಶಿಕ್ಷಣ ಇಲಾಖೆಯ ಹಿರಿಯರಿಗೆ, ವಿಜ್ಞಾನದ ಪ್ರಶ್ನೆಪತ್ರಿಕೆ ತಯಾರು ಮಾಡುವವರಿಗೆ, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಡಿಡಿಪಿಐ, ಬಿಇಒ ಸಾಹೇಬರಿಗೆ ನಮಸ್ಕಾರ.

ನಾನು ಮೂಡಿಗೆರೆ ಕಡೆಯವನು. ನಾಲ್ಕು ಎಕರೆ ಕಾಫಿ, ಹಳ್ಳದ ಪಕ್ಕ ಒಂದಿಷ್ಟು ಅಡಿಕೆ. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸ್ ಓದುತ್ತಿದ್ದಾಳೆ. ಇದನ್ನು ಅರ್ಜಿ ಮಾಡಿ ಕಚೇರಿಗೆ ಕೊಡಬಹುದಿತ್ತು. ಆದರೆ ಅರ್ಜಿ ಫೈಲಿಗೆ ಹೋಗುತ್ತದೆ, ಬೇರೆ ಅಪ್ಪ ಅಮ್ಮಂದಿರಿಗೆ, ಮೇಷ್ಟ್ರುಗಳಿಗೆ ಕಾಣುವುದಿಲ್ಲ. ಅವರೂ ಓದಲಿ ಅಂತ ಎಲ್ಲರೆದುರು ಬರೆಯುತ್ತಿದ್ದೇನೆ.

ಹೇಳಬೇಕಾಗಿರುವುದು ಒಂದೇ ವಿಷಯ. ನಮ್ಮ ಹೈಸ್ಕೂಲುಗಳ ವಿಜ್ಞಾನದ ಕ್ಲಾಸಿನಲ್ಲಿ ಮಕ್ಕಳು ಕಣ್ಣಿಗೆ ಕಂಡದ್ದನ್ನು ಬಿಟ್ಟು, ಪುಸ್ತಕದಲ್ಲಿ ಇರುವುದನ್ನೇ ತಾವು ಕಂಡಿದ್ದು ಅಂತ ಬರೆಯುವುದನ್ನು ಕಲಿಯುತ್ತಿದ್ದಾರೆ. ನಾನೂ ಅದನ್ನೇ ಕಲಿತೆ. ನನ್ನ ಮಗಳೂ ಅದನ್ನೇ ಕಲಿಯುತ್ತಿದ್ದಾಳೆ. ಮಧ್ಯೆ ಸುಮಾರು ಮೂವತ್ತು ವರ್ಷ ಕಳೆದಿದೆ.

ನನ್ನ ಅಪ್ಪ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ಅವರದ್ದೇ. ಅದರ ಜೊತೆ ಮಳೆ ಪುಸ್ತಕ. ಕಾಫಿ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಪ್ರತಿ ಎಸ್ಟೇಟಿನಲ್ಲೂ ಬಯಲಲ್ಲಿ ಒಂದು ಮಳೆ ಮಾಪಕ ಇರುತ್ತದೆ. ದಿನಾ ಬೆಳಿಗ್ಗೆ ಅದರಲ್ಲಿ ಬಿದ್ದ ನೀರನ್ನು ಗೆರೆ ಹಾಕಿದ ಗಾಜಿನ ಗ್ಲಾಸಿಗೆ ಸುರಿದು ಅಳೆಯುತ್ತಾರೆ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ, ನೂರು ಸೆಂಟಿಗೆ ಒಂದು ಇಂಚು. ಇವತ್ತಿಗೂ ನಮ್ಮೂರಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಮಾತು 'ನಿಮ್ಮಲ್ಲಿ ರಾತ್ರಿ ಎಷ್ಟು ಸೆಂಟ್ ಬಂತು' ಅಂತಲೇ.

ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗುತ್ತಿದ್ದೆ. ಜೂನ್, ಜುಲೈನಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಜಿಗಣೆ ಹತ್ತದ ಹಾಗೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು ಹೋಗುವುದು. ಗ್ಲಾಸನ್ನು ಕೈಯಲ್ಲಿ ಹಿಡಿದು ನೋಡಲು ಅಪ್ಪ ಬಿಡುತ್ತಿರಲಿಲ್ಲ. ಸಮ ಇರುವ ಕಲ್ಲಿನ ಮೇಲೆ ಇಡಬೇಕು, ಮೊಣಕಾಲೂರಿ ಕೂತು ನೀರಿನ ಮಟ್ಟಕ್ಕೆ ಕಣ್ಣು ತರಬೇಕು. ಗ್ಲಾಸಿನ ಅಂಚಿನಲ್ಲಿ ನೀರು ಸ್ವಲ್ಪ ಮೇಲೆ ಹತ್ತಿರುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳಬಾರದು, ನಡುವಿನ ತಗ್ಗು ಎಲ್ಲಿದೆಯೋ ಅದೇ ಲೆಕ್ಕ. ಒಂದು ದಿನ 37 ಸೆಂಟ್ ಇತ್ತು. ನಾನು '40 ಅಂತ ಬರ್ಕೊಳಿ ಅಪ್ಪ' ಅಂದೆ. ಅವರು ಬೈಯಲಿಲ್ಲ, 'ಬಿದ್ದಿದ್ದು 37, ಮೂರು ಸೆಂಟ್ ನೀನು ತಂದು ಹಾಕ್ತೀಯಾ' ಅಂದರು. ಇನ್ನೊಂದು ವಿಷಯ ನನಗೆ ದೊಡ್ಡವನಾದ ಮೇಲೆ ಅರ್ಥವಾಯಿತು. ಮಳೆ ಬಾರದ ದಿನ ಅವರು ಆ ಜಾಗವನ್ನು ಖಾಲಿ ಬಿಡುತ್ತಿರಲಿಲ್ಲ, 'ಇಲ್ಲ' ಅಂತ ಬರೆಯುತ್ತಿದ್ದರು. ಖಾಲಿ ಇದ್ದರೆ ಯಾರೂ ಹೋಗಿ ನೋಡಲಿಲ್ಲ ಅಂತ ಅರ್ಥ. 'ಇಲ್ಲ' ಅಂತ ಇದ್ದರೆ ಹೋಗಿ ನೋಡಿದ್ದೇವೆ, ನೀರು ಇರಲಿಲ್ಲ ಅಂತ ಅರ್ಥ. ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ, ಅಲ್ವಾ? ಅಪ್ಪ ಓದಿದ್ದು ಏಳನೇ ಕ್ಲಾಸ್.

ಈಗ ನನ್ನ ಹೈಸ್ಕೂಲಿನ ಮಾತು. ಶಾಲೆಯ ಹೆಸರು ಬೇಡ, ಆ ಮೇಷ್ಟ್ರು ಒಳ್ಳೆಯವರೇ. ಒಂದು ದಿನ ಲ್ಯಾಬಿನಲ್ಲಿ ನೀರಿನ ಕುದಿಯುವ ಬಿಂದು ಕಂಡುಹಿಡಿಯುವ ಪ್ರಯೋಗ. ಬೀಕರಿನಲ್ಲಿ ನೀರು, ಕೆಳಗೆ ಸ್ಪಿರಿಟ್ ಲ್ಯಾಂಪ್, ಸ್ಟ್ಯಾಂಡಿಗೆ ಕಟ್ಟಿದ ಥರ್ಮಾಮೀಟರ್. ನಾವು ಏಳೆಂಟು ಜನ ಸುತ್ತ ನಿಂತಿದ್ದೆವು. ನೀರು ಕುದಿಯಿತು. ಪಾದರಸ 97ರ ಗೆರೆಯ ಹತ್ತಿರ ಬಂದು ನಿಂತುಬಿಟ್ಟಿತು. ಇನ್ನೂ ಐದು ನಿಮಿಷ ಕಾಯಿಸಿದೆವು. ನೀರು ಕೊತಕೊತ ಅನ್ನುತ್ತಿದೆ, ಪಾದರಸ ಅಲ್ಲಾಡುತ್ತಿಲ್ಲ. ನಾನು ಅಪ್ಪನ ಹಾಗೆ ಬಗ್ಗಿ, ಕಣ್ಣು ಮಟ್ಟಕ್ಕೆ ತಂದು ನೋಡಿದೆ. 97ಕ್ಕಿಂತ ಸ್ವಲ್ಪ ಕೆಳಗೇ ಇತ್ತು. ಹೋಗಿ ಹೇಳಿದರೆ ಮೇಷ್ಟ್ರು 'ಥರ್ಮಾಮೀಟರ್ ಹಳೇದು, ರೆಕಾರ್ಡಿನಲ್ಲಿ 100 ಅಂತ ಬರೀರಿ' ಅಂದರು. ಎಲ್ಲರೂ 100 ಅಂತ ಬರೆದೆವು. ಎಲ್ಲರಿಗೂ ಮಾರ್ಕ್ಸ್ ಬಂತು.

ಥರ್ಮಾಮೀಟರ್ ಸರಿಯಾಗಿಯೇ ಇತ್ತು. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರ್ ಮೇಲಿದೆ. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆ ಆಗುತ್ತದೆ, ಒತ್ತಡ ಕಡಿಮೆ ಆದರೆ ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ ಅಂತ ಅಂದಾಜು ಲೆಕ್ಕ. ಹಾಗಾಗಿ ಮೂಡಿಗೆರೆಯಲ್ಲಿ, ಚಿಕ್ಕಮಗಳೂರಿನಲ್ಲಿ, ಹಾಸನದಲ್ಲಿ, ಸಕಲೇಶಪುರದಲ್ಲಿ ನೀರು 96, 97ರ ಆಸುಪಾಸಿನಲ್ಲಿ ಕುದಿಯಬೇಕು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅದರ ತುದಿಯಲ್ಲಿ 94 ಕೂಡ ಮುಟ್ಟುವುದಿಲ್ಲ. ಪುಸ್ತಕವೂ ತಪ್ಪು ಹೇಳಿಲ್ಲ. ಕುದಿಯುವ ಬಿಂದುವಿನ ವಿವರಣೆಯಲ್ಲಿ ವಾತಾವರಣದ ಒತ್ತಡ ಅನ್ನುವ ಮಾತು ಇದ್ದೇ ಇದೆ. ಆ ಮಾತನ್ನು ಯಾರೂ ನಿಂತು ಓದುವುದಿಲ್ಲ ಅಷ್ಟೇ.

ಯೋಚನೆ ಮಾಡಿ. ಎರಡು ಜಿಲ್ಲೆಯ ಹೆಚ್ಚುಕಡಿಮೆ ಎಲ್ಲ ಹೈಸ್ಕೂಲುಗಳಲ್ಲಿ, ಪ್ರಯೋಗ ಮಾಡಿದ ಪ್ರತಿ ಮಗುವಿಗೂ 100ಕ್ಕಿಂತ ಕಡಿಮೆಯೇ ಸಿಗಬೇಕು. ಆದರೂ ಅಷ್ಟೂ ರೆಕಾರ್ಡಿನಲ್ಲಿ 100 ಅಂತ ಇರುತ್ತದೆ. ಅಂದರೆ ಒಂದೋ ಪ್ರಯೋಗ ಮಾಡಿಲ್ಲ, ಇಲ್ಲ ಮಾಡಿ ಕಂಡದ್ದನ್ನು ಬರೆದಿಲ್ಲ. ಮೇಷ್ಟ್ರು ಅವತ್ತು 'ಯಾಕೆ 97 ಬಂತು, ಕಂಡುಹಿಡಿದುಕೊಂಡು ಬನ್ನಿ' ಅಂದಿದ್ದರೆ ನಮ್ಮೂರಿನ ಎತ್ತರ, ಗಾಳಿಯ ತೂಕ, ಕುಕ್ಕರ್ ಯಾಕೆ ಬೇಗ ಬೇಯಿಸುತ್ತದೆ ಅನ್ನುವುದು, ಮಂಗಳೂರಿಗೂ ನಮಗೂ ಏನು ವ್ಯತ್ಯಾಸ ಅನ್ನುವುದು, ಎಲ್ಲ ಆ ಮೂರು ಡಿಗ್ರಿಯಿಂದಲೇ ಬಂದುಬಿಡುತ್ತಿತ್ತು. ನಾವು ಮೂರು ಡಿಗ್ರಿಯನ್ನೂ ಒರೆಸಿ ಹಾಕಿದೆವು, ಅದರ ಜೊತೆ ಬರುತ್ತಿದ್ದ ಎಲ್ಲವನ್ನೂ ಒರೆಸಿ ಹಾಕಿದೆವು.

ಹೋದ ವರ್ಷ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅದೇ ಪಾಠ ಬಂತು. ಅವಳ ಶಾಲೆಯಲ್ಲಿ ಪ್ರಯೋಗ ಮಾಡಿಸಲಿಲ್ಲ, ನೋಟ್ಸ್ ಬರೆಸಿದರು. ನಾನು ಚಿಕ್ಕಮಗಳೂರಿಗೆ ಹೋದಾಗ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಥರ್ಮಾಮೀಟರ್ ತಂದೆ. ಅಡುಗೆಮನೆಯಲ್ಲಿ, ಕಾಫಿಗೆ ನೀರು ಕಾಯಿಸುವ ಪಾತ್ರೆಯಲ್ಲೇ ನೋಡಿದೆವು. ತಳಕ್ಕೆ ತಾಗದ ಹಾಗೆ ಅವಳೇ ಹಿಡಿದುಕೊಂಡಿದ್ದಳು. 97ರ ಹತ್ತಿರ. ಅವಳು ಪುಸ್ತಕ ತಂದು ತೋರಿಸಿ 'ಹಾಗಾದ್ರೆ ಇದು ತಪ್ಪಾ ಅಪ್ಪಾ' ಅಂದಳು. ತಪ್ಪೋ ಸರಿಯೋ ನೀನೇ ನೋಡು ಅಂತ ಥರ್ಮಾಮೀಟರನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡೆವು. ದಸರಾ ರಜೆಯಲ್ಲಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ, ನನ್ನ ಅಕ್ಕನ ಮನೆಗೆ ಹೋದಾಗ ಬ್ಯಾಗ್ ಇಟ್ಟವಳೇ ಸೀದಾ ಅಡುಗೆಮನೆಗೆ ಹೋದಳು. ಅತ್ತೆ 'ಕೈಕಾಲು ತೊಳ್ಕೊಳೇ ಮೊದ್ಲು' ಅನ್ನುತ್ತಿದ್ದರೂ ಕೇಳಲಿಲ್ಲ. ಅಲ್ಲಿ ಪಾದರಸ 100ರ ಗೆರೆಗೆ ಕೂದಲೆಳೆಯಷ್ಟು ಕೆಳಗೆ ನಿಂತಿತು. 'ಅಪ್ಪಾ, ಇಲ್ಲಿ ಪುಸ್ತಕದ ಹಾಗೇ ಕುದಿಯುತ್ತೆ' ಅಂತ ಕೂಗಿದಳು. ಆ ಕೂಗು ನನಗೆ ಇನ್ನೂ ಕಿವಿಯಲ್ಲಿದೆ. ವಿಜ್ಞಾನದಲ್ಲಿ ಅವಳಿಗೆ ಬಂದ ಮಾರ್ಕ್ಸ್ ಯಾವುದೂ ಅವಳಿಗೆ ಅಷ್ಟು ಖುಷಿ ಕೊಟ್ಟಿದ್ದನ್ನು ನಾನು ನೋಡಿಲ್ಲ.

ಪರೀಕ್ಷೆಯಲ್ಲಿ ಅವಳು ಏನು ಬರೆದಳು ಗೊತ್ತಾ? 100 ಅಂತಲೇ. '97 ಅಂತ ಬರೆದರೆ ಮಾರ್ಕ್ಸ್ ಹೋಗುತ್ತೆ' ಅಂದಳು. ಅವಳು ಹೇಳಿದ್ದು ನಿಜ. ಅದಕ್ಕೇ ಈ ಪತ್ರ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ನಮ್ಮ ಅಂಗಳದ್ದೇ. ಹತ್ತನೇ ಕ್ಲಾಸ್ ವಿಜ್ಞಾನದ ಮೊದಲ ಪಾಠ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಅದರಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಡುವ ಚಟುವಟಿಕೆ ಇದೆ. ಇಪ್ಪತ್ತು ನಿಮಿಷ ಬಿಟ್ಟರೆ ಮೊಳೆ ಕಂದು ಆಗುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳಿ ತಾನು ಒಳಗೆ ಹೋಗುತ್ತದೆ. ಸ್ಥಾನಪಲ್ಲಟ ಕ್ರಿಯೆ ಅಂತ ಹೆಸರು. ಅದೇ ಪಾಠದಲ್ಲಿ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬಿಸಿಯಾಗುವ ಚಟುವಟಿಕೆಯೂ ಇದೆ. ಮಗಳು ಎರಡೂ ಸಮೀಕರಣವನ್ನು ತಪ್ಪಿಲ್ಲದೆ ಸರಿದೂಗಿಸುತ್ತಾಳೆ.

ಈಗ ನಮ್ಮ ಅಡಿಕೆ ತೋಟಕ್ಕೆ ಬನ್ನಿ. ಮಳೆಗಾಲದಲ್ಲಿ ಕೊಳೆರೋಗ ಬಾರದ ಹಾಗೆ ಬೋರ್ಡೋ ಹೊಡೆಯುತ್ತೇವೆ. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಸುಣ್ಣ, ಆಮೇಲೆ ಎರಡನ್ನೂ ಸೇರಿಸಿ ನೂರು ಲೀಟರ್. ಮೈಲುತುತ್ತ ಅಂದರೆ ಪುಸ್ತಕದ ತಾಮ್ರದ ಸಲ್ಫೇಟೇ. ಸುಣ್ಣವನ್ನು ಅರಳಿಸುವಾಗ ಕೈ ಇಡಲಾಗದಷ್ಟು ಬಿಸಿಯಾಗಿ ಹೊಗೆ ಬರುತ್ತದೆ. ಕಬ್ಬಿಣದ ಡ್ರಮ್ ಬಳಸುವ ಹಾಗಿಲ್ಲ, ಪ್ಲಾಸ್ಟಿಕ್ಕಿನದ್ದೇ ಆಗಬೇಕು. ನಮ್ಮಲ್ಲಿ ಔಷಧಿ ಹೊಡೆಯಲು ಬರುವ ಅಣ್ಣ ಒಬ್ಬರಿದ್ದಾರೆ, ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮಿಶ್ರಣ ಸರಿಯಾಯಿತಾ ಅಂತ ನೋಡಲು ಸೊಂಟದ ಕತ್ತಿ ತೆಗೆದು, ಕಲ್ಲಿಗೆ ಉಜ್ಜಿ ಹೊಳಪು ಮಾಡಿ, ಅದರ ತುದಿಯನ್ನು ಡ್ರಮ್ಮಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಕತ್ತಿಯ ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನೂ ತಾಮ್ರ ಸುಣ್ಣಕ್ಕೆ ಸೇರದೆ ಉಳಿದಿದೆ, ಹಾಗೇ ಹೊಡೆದರೆ ಸಿಂಗಾರ (ಅಡಿಕೆ ಹೂ), ಕಾಯಿ ಸುಡುತ್ತದೆ. ಅವರು ಒಂದೊಂದು ಬೊಗಸೆ ಸುಣ್ಣದ ನೀರು ಹಾಕಿ ಕದಡಿ, ಮತ್ತೆ ಕತ್ತಿ ಉಜ್ಜಿ ಅದ್ದಿ, ಕೆಂಪು ಬರುವುದು ನಿಲ್ಲುವ ತನಕ ಮಾಡುತ್ತಾರೆ.

ನನ್ನ ಮಗಳು ಹುಟ್ಟಿದಾಗಿಂದ ಇದನ್ನು ನೋಡಿದ್ದಾಳೆ. ಪುಸ್ತಕದ ಮೊಳೆಯೂ ಈ ಕತ್ತಿಯೂ ಒಂದೇ ಅಂತ ಅವಳಿಗೆ ಗೊತ್ತಿರಲಿಲ್ಲ. ಈ ಸಲ ಜೂನ್ ಮೊದಲ ವಾರ ಔಷಧಿ ಕಲಸುವಾಗ ಕರೆದು ತೋರಿಸಿದೆ. ಸುಮ್ನೆ ನಿಂತು ನೋಡಿದಳು. ಆಮೇಲೆ ಅವರನ್ನೇ ಕೇಳಿದಳು, 'ಅಣ್ಣಾ, ಕತ್ತಿಯಿಂದ ಹೋದ ಕಬ್ಬಿಣ ಎಲ್ಲಿಗೆ ಹೋಯ್ತು?' ಅವರು 'ಇಷ್ಟು ವರ್ಷ ಯಾರೂ ಕೇಳಿಲ್ಲ ಕಣವ್ವ, ಕತ್ತಿ ಸವೆಯೋದಂತೂ ಹೌದು' ಅಂದರು. ಅದಕ್ಕಿಂತ ಒಳ್ಳೆಯ ವಿಜ್ಞಾನದ ಕ್ಲಾಸ್ ಅವತ್ತು ನಮ್ಮ ತಾಲ್ಲೂಕಿನಲ್ಲಿ ಎಲ್ಲೂ ನಡೆದಿರಲಿಕ್ಕಿಲ್ಲ. ಇದೇ ಮಗು ಶಾಲೆಯಲ್ಲಿ ಆ ಚಟುವಟಿಕೆಯನ್ನು ಮಾಡದೆ, 'ಮೊಳೆಯು ಕಂದು ಬಣ್ಣಕ್ಕೆ ತಿರುಗಿತು' ಅಂತ ವೀಕ್ಷಣೆ ಬರೆದಿತ್ತು. ಕಾಣದ್ದನ್ನು ಕಂಡೆ ಅಂತ ಬರೆಸುವುದಕ್ಕೆ ನಾವು ವೀಕ್ಷಣೆ ಅಂತ ಯಾಕೆ ಹೆಸರಿಟ್ಟಿದ್ದೇವೆ?

ಪಠ್ಯದಲ್ಲಿ ಏನಿರಬೇಕು ಅನ್ನುವ ಜಗಳ ನನಗೂ ಗೊತ್ತು. ಕೋವಿಡ್ ಆದ ಮೇಲೆ ಮಕ್ಕಳ ಹೊರೆ ಇಳಿಸುತ್ತೇವೆ ಅಂತ ಕೇಂದ್ರದ ಪಠ್ಯಪುಸ್ತಕ ಮಾಡುವ ಎನ್‌ಸಿಇಆರ್‌ಟಿ ತನ್ನ ಹತ್ತನೇ ಕ್ಲಾಸ್ ಪುಸ್ತಕದಿಂದ ಜೀವವಿಕಾಸದ ಭಾಗವನ್ನು, ಆವರ್ತ ಕೋಷ್ಟಕದ ಪಾಠವನ್ನು ತೆಗೆಯಿತು. ಒಂಬತ್ತನೇ ಕ್ಲಾಸಿನಿಂದ ನಮಗೆ ಕಾಯಿಲೆ ಯಾಕೆ ಬರುತ್ತದೆ ಅನ್ನುವ ಪಾಠವೇ ಹೋಯಿತು. ಕೋವಿಡ್ ಕಂಡ ಮಕ್ಕಳಿಗೆ, ಅದರಲ್ಲೂ ಬೇಸಿಗೆ ಬಂದರೆ ಮಂಗನ ಕಾಯಿಲೆಯ ಭಯದಲ್ಲಿ ಇರುವ ಕೊಪ್ಪ, ನರಸಿಂಹರಾಜಪುರದ ಮಕ್ಕಳಿಗೆ ಬೇಕಾಗಿದ್ದ ಪಾಠ ಅದು. ಉಣುಗಿನಿಂದ ಮನುಷ್ಯನಿಗೆ ಬರುವ ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಿಂದಲೇ ಜಗತ್ತಿಗೆ ಗೊತ್ತಾಗಿದ್ದು.

ಜೀವವಿಕಾಸದ ಬಗ್ಗೆಯೂ ಒಂದು ಮಾತು. ಅದೇನೋ ಡೈನೋಸಾರ್ ಕಾಲದ ವಿಷಯ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕಾಫಿಯವರನ್ನು ಕೇಳಿ. ಎಲೆ ತುಕ್ಕು ರೋಗ 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಮುಗಿಸಿತು, ಅವರು ಟೀಗೆ ಹೋದರು. ನಮ್ಮಲ್ಲಿ ಸುಮಾರು 1911ರಲ್ಲಿ ಕೆಂಟ್ ಅನ್ನುವ ಪ್ಲಾಂಟರ್ ರೋಗ ತಡೆಯುವ ಒಂದು ಗಿಡವನ್ನು ಆರಿಸಿ ಬೆಳೆಸಿದರು, ಅದೇ ಕೆಂಟ್ಸ್ ತಳಿ. ಕೆಲವು ವರ್ಷ ಚೆನ್ನಾಗಿತ್ತು. ಆಮೇಲೆ ಅದಕ್ಕೂ ತುಕ್ಕು ಹತ್ತಿತು, ಯಾಕೆಂದರೆ ಶಿಲೀಂಧ್ರ ಬದಲಾಯಿತು. ಕೆಂಟ್ಸಿನ ಮೇಲೂ ಬದುಕಬಲ್ಲ ಬಗೆ ಉಳಿದು ಬೆಳೆಯಿತು. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದವರು ಕೆಂಟ್ಸನ್ನೇ ಇನ್ನೊಂದು ತಳಿಗೆ ಕೂಡಿಸಿ 1940ರ ದಶಕದಲ್ಲಿ ಎಸ್. 795 ಕೊಟ್ಟರು. ಇವತ್ತಿಗೂ ನಮ್ಮಲ್ಲಿ ತುಂಬಾ ಬೆಳೆಯುವ ಅರೇಬಿಕಾ ತಳಿಗಳಲ್ಲಿ ಅದೂ ಒಂದು. ಈಗ ಅದಕ್ಕೂ ತುಕ್ಕು ಬರುತ್ತದೆ. ಅಂದರೆ ನಮ್ಮ ಅಜ್ಜಂದಿರ ಕಾಲದಿಂದ ನಮ್ಮ ಕಾಲದೊಳಗೆ, ನಮ್ಮ ಗುಡ್ಡದ ಮೇಲೇ ಜೀವವಿಕಾಸ ನಡೆದಿದೆ. ಆ ಪಾಠ ಬೇಕೇ ಬೇಕು. ಆದರೆ ಅದನ್ನು ವಾಪಸ್ ಸೇರಿಸಿ, ಡಾರ್ವಿನ್ ಹುಟ್ಟಿದ್ದು ಯಾವಾಗ ಅಂತ ಒಂದು ಅಂಕದ ಪ್ರಶ್ನೆ ಕೇಳುವುದಾದರೆ ಸೇರಿಸಿ ಏನು ಬಂತು? ಮಕ್ಕಳು ಒಂದು ಕಾಫಿ ಎಲೆಯ ಹಿಂಬದಿಯ ತುಕ್ಕಿನ ಕಿತ್ತಳೆ ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಬೇಕು.

ಇದೆಲ್ಲ ಇಷ್ಟು ದೊಡ್ಡದು ಯಾಕೆ ಮಾಡುತ್ತೀರಿ, ಮಾರ್ಕ್ಸ್ ಬಂದರೆ ಸಾಕಲ್ಲ ಅನ್ನುವವರಿಗೆ 2025ರ ಜೂನ್, ಜುಲೈ ನೆನಪು ಮಾಡುತ್ತೇನೆ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಜನ ಸಾಯುತ್ತಿದ್ದಾರೆ ಅಂತ ದಿನಾ ಸುದ್ದಿ. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಆ ಮನೆಗಳ ದುಃಖ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನನ್ನ ತಂಗಿ ಹಾಸನದಲ್ಲೇ ಇರುವುದು. ಅವಳ ಯಜಮಾನರಿಗೆ ಸ್ವಲ್ಪ ಎದೆ ಉರಿ ಬಂದರೂ ಮನೆಯವರೆಲ್ಲ ರಾತ್ರಿ ನಿದ್ದೆ ಮಾಡಲಿಲ್ಲ. ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಹೋಗಿ ಸಾಲು ನಿಂತರು. ಏನೂ ಆಗದವರ ಸಾಲಿನ ಮಧ್ಯೆ ನಿಜವಾಗಿ ಕಾಯಿಲೆ ಇದ್ದವರೂ ಕಾಯಬೇಕಾಯಿತು. ವಾಟ್ಸಾಪಿನಲ್ಲಿ ಒಬ್ಬರು ಲಸಿಕೆಯಿಂದ ಅಂದರು, ಇನ್ನೊಬ್ಬರು ನೀರಿನಿಂದ ಅಂದರು. ಕಳಿಸಿದವರಲ್ಲಿ ನನ್ನ ಜೊತೆ ಓದಿದವರು, ವಿಜ್ಞಾನದಲ್ಲಿ ಎಂಬತ್ತು ತೊಂಬತ್ತು ತೆಗೆದವರು ಇದ್ದರು.

ಆ ಹೊತ್ತಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ತುಂಬಾ ಸಣ್ಣದು. ಹೋದ ವರ್ಷ ಇದೇ ನಲವತ್ತು ದಿನದಲ್ಲಿ ಎಷ್ಟು ಜನ? ಅದರ ಹಿಂದಿನ ವರ್ಷ? 2011ರ ಜನಗಣತಿಯಲ್ಲೇ ಹದಿನೇಳು ಮುಕ್ಕಾಲು ಲಕ್ಷ ಜನ ಇದ್ದ ಜಿಲ್ಲೆಯಲ್ಲಿ ಈ ಸಂಖ್ಯೆ ಜಾಸ್ತಿಯಾ, ಅಥವಾ ಈ ಸಲ ಒಂದೊಂದೂ ಸುದ್ದಿಯಾಯಿತಾ? ಮುಂದೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು, ಅವರು ನೋಡಿದ್ದೂ ಇದನ್ನೇ. ಒಂದೊಂದು ಸಾವನ್ನೂ ಬೇರೆಬೇರೆಯಾಗಿ ಪರಿಶೀಲಿಸಿ, ಹಳೆಯ ತಿಂಗಳುಗಳ ಲೆಕ್ಕದ ಪಕ್ಕ ಇಟ್ಟು, ಹಠಾತ್ತನೆ ಏರಿಕೆ ಆಗಿಲ್ಲ ಅಂದರು. ಅಪ್ಪನ ಮಳೆ ಪುಸ್ತಕವೂ ಇದಕ್ಕೇ ಇದ್ದದ್ದು. ಯಾರಾದರೂ 'ಇಂಥ ಮಳೆ ಹಿಂದೆಂದೂ ಬಂದಿಲ್ಲ' ಅಂದರೆ ಅಪ್ಪ ವಾದ ಮಾಡುತ್ತಿರಲಿಲ್ಲ, ಹಳೆಯ ಪುಸ್ತಕ ತೆಗೆದು ಪುಟ ತಿರುಗಿಸುತ್ತಿದ್ದರು. ಕೆಲವು ಸಲ ಹಾಗೆ ಅಂದವರು ಹೇಳಿದ್ದೇ ನಿಜ ಇರುತ್ತಿತ್ತು, ಕೆಲವು ಸಲ ಮೂರು ವರ್ಷದ ಹಿಂದೆ ಅದಕ್ಕಿಂತ ಜಾಸ್ತಿ ಬಂದಿರುತ್ತಿತ್ತು. ಹೆದರುವ ಮೊದಲು ಹಿಂದಿನ ಪುಟ ನೋಡುವ ಅಭ್ಯಾಸ ಹೈಸ್ಕೂಲಿನಲ್ಲಿ ಬರದಿದ್ದರೆ ಇನ್ನೆಲ್ಲಿ ಬರಬೇಕು? ನಮ್ಮಲ್ಲಿ ಎಷ್ಟೋ ಮಕ್ಕಳ ವಿಜ್ಞಾನ ಎಸ್‌ಎಸ್‌ಎಲ್‌ಸಿಗೇ ಮುಗಿಯುತ್ತದೆ. ಆಮೇಲೆ ಕಾಮರ್ಸ್, ಆರ್ಟ್ಸ್, ಐಟಿಐ, ಇಲ್ಲ ತೋಟ.

ಶಿಕ್ಷಕರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಅವರ ಕಷ್ಟ ಹತ್ತಿರದಿಂದ ನೋಡಿದ್ದೇನೆ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಹುದ್ದೆಯವರು ಇದ್ದರೆ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಇರುವುದಿಲ್ಲ, ಸಿಬಿಝಡ್ ಇದ್ದರೆ ಪಿಸಿಎಂ ಇರುವುದಿಲ್ಲ. ಜೀವಶಾಸ್ತ್ರ ಓದಿದ ಮೇಡಂ ವಿದ್ಯುತ್ ಪಾಠ ಮಾಡುತ್ತಾರೆ, ಅಥವಾ ವರ್ಷದ ಮಧ್ಯೆ ಅತಿಥಿ ಶಿಕ್ಷಕರು ಬರುತ್ತಾರೆ, ಅವರ ಸಂಬಳ ಯಾವಾಗ ಬರುತ್ತದೆ ಅಂತ ಅವರಿಗೇ ಗೊತ್ತಿಲ್ಲ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಲ್ಯಾಬಿನ ಸಾಮಾನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಯಾಕೆ ಅಂತ ಕೇಳಿದರೆ ಅಲ್ಲಿನ ಶಿಕ್ಷಕರೊಬ್ಬರು ನಿಜ ಹೇಳಿದರು. 'ಸರ್, ಒಂದು ಬೀಕರ್ ಒಡೆದರೆ ಸ್ಟಾಕ್ ರಿಜಿಸ್ಟರಿನಲ್ಲಿ ನಾನು ಉತ್ತರ ಕೊಡಬೇಕು. ಪ್ರಯೋಗ ಮಾಡಿಸದಿದ್ದರೆ ಯಾರೂ ಕೇಳಲ್ಲ.' ಜನವರಿ ಬಂತು ಅಂದರೆ ಪಾಸಿಂಗ್ ಪ್ಯಾಕೇಜ್. ಯಾವ ಚಿತ್ರ ಬರುತ್ತದೆ, ಯಾವ ಸಮೀಕರಣ ಬರುತ್ತದೆ, ಅಷ್ಟನ್ನೇ ಉರು ಹೊಡೆಸುವುದು. ಮೇಲಿನಿಂದ ಫಲಿತಾಂಶ ಎಷ್ಟು, ಜಿಲ್ಲೆ ಎಷ್ಟನೇ ಸ್ಥಾನ ಅಂತ ಕೇಳಿದರೆ ಕೆಳಗಿನವರು ಇನ್ನೇನು ಮಾಡಿಯಾರು? 2019ರಲ್ಲಿ ಹಾಸನ ಜಿಲ್ಲೆ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದಾಗ ನಾನೂ ಖುಷಿಪಟ್ಟವನೇ. ಆದರೆ ಆ ವರ್ಷ ಎಷ್ಟು ಬೀಕರ್ ಒಡೆದವು ಅಂತಲೂ ಯಾರಾದರೂ ಕೇಳಬೇಕಿತ್ತು. ಹೆಚ್ಚು ಒಡೆದ ಶಾಲೆಯಲ್ಲಿ ಹೆಚ್ಚು ಕಲಿತಿರುತ್ತಾರೆ ಅಂತ ನಾನು ನಂಬುತ್ತೇನೆ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ದೊಡ್ಡ ಯೋಜನೆ ಬೇಡ, ಹೊಸ ಕಟ್ಟಡ ಬೇಡ, ಸ್ಮಾರ್ಟ್ ಕ್ಲಾಸಿನ ಪರದೆಯಂತೂ ಈಗಲೇ ಬೇಡ.

ವಿಜ್ಞಾನಕ್ಕೆ 80 ಅಂಕದ ಪರೀಕ್ಷೆ, 20 ಆಂತರಿಕ ಅಂಕ. ಆ 20 ಈಗ ಹೇಗೆ ಬರುತ್ತಿದೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಜೆರಾಕ್ಸ್ ಅಂಗಡಿಯಲ್ಲಿ ಚಿತ್ರ ತೆಗೆಸಿ, ಬಣ್ಣದ ಹಾಳೆಗೆ ಅಂಟಿಸಿ, ಪ್ರಾಜೆಕ್ಟ್ ಅಂತ ಕೊಡುತ್ತಾರೆ. ಆ 20ರಲ್ಲಿ ಹತ್ತನ್ನಾದರೂ ಒಂದು ನೋಟ್‌ಬುಕ್ಕಿಗೆ ಕೊಡಿ. ಪ್ರತಿ ಮಗು ತನ್ನ ಊರಿನ ಯಾವುದಾದರೂ ಒಂದನ್ನು ವರ್ಷವಿಡೀ ಅಳೆದು ಬರೆಯಲಿ. ಮಲೆನಾಡಿನ ಮಗು ಮಳೆ ಬರೆಯಲಿ. ಕಡೂರು, ಅರಸೀಕೆರೆ ಕಡೆಯ ಮಗು ಬಾವಿ ಅಥವಾ ಕೆರೆಯ ನೀರಿನ ಮಟ್ಟ ಬರೆಯಲಿ. ಹಾಸನದ ಹತ್ತಿರ ಆಲೂಗಡ್ಡೆ ಬೆಳೆಯುವ ಮನೆಯ ಮಗು, ಎಷ್ಟು ದಿನ ಮೋಡ ಇದ್ದಾಗ ಅಂಗಮಾರಿ ರೋಗ ಕಾಣಿಸಿತು ಅಂತ ಬರೆಯಲಿ. ಹಾಲಿನ ಡೈರಿಗೆ ಹೋಗುವ ಮಗು ದಿನಾ ಲ್ಯಾಕ್ಟೋಮೀಟರ್ ಎಷ್ಟು ತೋರಿಸಿತು ಅಂತ ಬರೆಯಲಿ. ಮೌಲ್ಯಮಾಪನ ಮಾಡುವವರು ಉತ್ತರ ಸರಿ ಇದೆಯಾ ಅಂತ ನೋಡಬಾರದು, ಏಕೆಂದರೆ ಸರಿ ಉತ್ತರ ಅಂತ ಒಂದು ಇರುವುದೇ ಇಲ್ಲ. ದಿನಾ ನೋಡಿದ್ದಾಳಾ, ನೋಡದ ದಿನ ನೋಡಲಿಲ್ಲ ಅಂತ ಬರೆದಿದ್ದಾಳಾ, ಅಂದುಕೊಂಡಿದ್ದಕ್ಕಿಂತ ಬೇರೆ ಬಂದಾಗ ಅದನ್ನು ತಿದ್ದದೆ ಬಿಟ್ಟಿದ್ದಾಳಾ, ಇಷ್ಟು ನೋಡಿದರೆ ಸಾಕು.

ಪ್ರಶ್ನೆಪತ್ರಿಕೆ ಮಾಡುವವರೇ, ಒಂದೇ ಒಂದು ಪ್ರಶ್ನೆಯಲ್ಲಿ ನಿಜವಾದ ಅಳತೆಗಳನ್ನು ಕೊಡಿ. ಸರಳರೇಖೆಯ ಮೇಲೆ ಚೆಂದವಾಗಿ ಕೂರುವ ಲೆಕ್ಕದ ಸಂಖ್ಯೆಗಳು ಬೇಡ. ನಿಜವಾದ ತಂತಿ, ನಿಜವಾದ ಬ್ಯಾಟರಿ ಇಟ್ಟು ಓಮನ ನಿಯಮದ ಪ್ರಯೋಗ ಮಾಡಿದಾಗ ಬರುವ, ಅಲ್ಲಲ್ಲಿ ಆಚೀಚೆ ಆಗುವ ಸಂಖ್ಯೆಗಳನ್ನು ಕೊಟ್ಟು, ಇದರಲ್ಲಿ ಯಾವ ಅಳತೆ ಅನುಮಾನ ಹುಟ್ಟಿಸುತ್ತದೆ, ಯಾಕೆ, ಅಂತ ಕೇಳಿ. ಮಾದರಿ ಉತ್ತರದಲ್ಲಿ, 'ವಿದ್ಯಾರ್ಥಿ ತನ್ನ ಊರಿನ ಎತ್ತರವನ್ನು ಹೇಳಿ 97 ಎಂದು ಬರೆದಿದ್ದರೆ ಪೂರ್ಣ ಅಂಕ ಕೊಡಿ' ಅಂತ ಒಂದು ಸಾಲು ಸೇರಿಸಿ. ಆ ಒಂದು ಸಾಲು ಬಂದರೆ ಸಾಕು, ಮುಂದಿನ ವರ್ಷ ಎಷ್ಟು ಶಾಲೆಗಳಲ್ಲಿ ನೀರು ಕುದಿಯುತ್ತದೆ ನೋಡಿ.

ಬೀಕರ್ ಒಡೆದರೆ ಶಿಕ್ಷಕರಿಂದ ಉತ್ತರ ಕೇಳುವುದಿಲ್ಲ ಅಂತ ಒಂದು ಸುತ್ತೋಲೆ ಹೊರಡಿಸಿ. ಖಾಲಿ ಇರುವ ಪಿಸಿಎಂ, ಸಿಬಿಝಡ್ ಹುದ್ದೆ ತುಂಬಿ. ಇದನ್ನು ಬೇರೆಯವರು ನನಗಿಂತ ಚೆನ್ನಾಗಿ ಕೇಳಿದ್ದಾರೆ, ನಾನು ಜಾಸ್ತಿ ಹೇಳುವುದಿಲ್ಲ.

ಮತ್ತೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಪ್ರವಾಸ ಅಂದರೆ ಬೇಲೂರು, ಹಳೇಬೀಡು, ಶೃಂಗೇರಿ, ಹೊರನಾಡು. ಹೋಗಲಿ, ಬೇಡ ಅನ್ನುವುದಿಲ್ಲ. ಬಾಳೆಹೊನ್ನೂರಿನ ಕಾಫಿ ಕೇಂದ್ರವೂ ದಾರಿಯಲ್ಲೇ ಇದೆ. ಹಾಸನದಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ನಮ್ಮ ಸಂಪರ್ಕ ಉಪಗ್ರಹಗಳನ್ನು ನೋಡಿಕೊಳ್ಳುವ ಕೆಲಸ ಅಲ್ಲಿ ನಡೆಯುತ್ತದೆ. ಒಳಗೆ ಬಿಡುತ್ತಾರೋ ಇಲ್ಲವೋ, ಹೊರಗೆ ನಿಂತರೂ ಲೆಕ್ಕ ಮಾಡಬಹುದು. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಅಂತ ಹತ್ತನೇ ಕ್ಲಾಸಿನ ಪುಸ್ತಕದಲ್ಲೇ ಇದೆ. ಹಾಸನದಿಂದ ಹೋದ ಸಂಕೇತ ಉಪಗ್ರಹ ಮುಟ್ಟಿ ವಾಪಸ್ ಬರಲು ಎಷ್ಟು ಹೊತ್ತು? ಸೆಕೆಂಡಿನ ಕಾಲು ಭಾಗದ ಹತ್ತಿರ. ನನ್ನ ಮಗಳು ಇದನ್ನು ಬಸ್ಸಿನಲ್ಲಿ ಕೂತು ಬಾಯಲ್ಲೇ ಲೆಕ್ಕ ಹಾಕಿದಳು. ಅಲ್ಲಿ ಕೂತಿರುವವರು ಪರದೆಯ ಮೇಲೆ ಬಂದ ಸಂಖ್ಯೆ ತಮಗೆ ಬೇಕಾದ ಹಾಗೆ ಇಲ್ಲ ಅಂತ ತಿದ್ದಿ ಬರೆದರೆ ಉಪಗ್ರಹ ಏನಾಗುತ್ತದೆ ಅಂತಲೂ ಅವಳೇ ಕೇಳಿದಳು.

ಕೊನೆಗೆ ಒಂದು ವಿಷಯ. ಎಸ್ಟೇಟಿನ ಪುಸ್ತಕ ಎಸ್ಟೇಟಿನಲ್ಲೇ ಉಳಿಯಿತು, ಆದರೆ ಅಪ್ಪ ಮನೆಗೂ ಒಂದು ಪ್ರತಿ ಬರೆದುಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷದ ಮಳೆ ಲೆಕ್ಕ, ಉದ್ದನೆಯ ಐದು ಪುಸ್ತಕ, ನಮ್ಮ ಮನೆಯ ಟ್ರಂಕಿನಲ್ಲಿದೆ. ಮಾರ್ಚಿನಲ್ಲಿ ಹೂಮಳೆ ಯಾವ ದಿನ ಬಂತು, ಎಷ್ಟು ಬಂತು, ಎಷ್ಟು ದಿನಕ್ಕೆ ಹೂ ಅರಳಿತು, ಎಲ್ಲ ಇದೆ. ಮಗಳು ಈಗ ಅದರಲ್ಲಿ ಇಂಚು ಸೆಂಟುಗಳನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡುತ್ತಿದ್ದಾಳೆ, ಎರಡನೇ ಪುಸ್ತಕದ ಅರ್ಧಕ್ಕೆ ಬಂದಿದ್ದಾಳೆ. ಅಜ್ಜ 'ಇಲ್ಲ' ಅಂತ ಬರೆದ ಕಡೆ ಅವಳು 0 ಬರೆಯುತ್ತಾಳೆ. ಒಂದು ವಾರ ಅಜ್ಜನಿಗೆ ಜ್ವರ ಬಂದು ಖಾಲಿ ಬಿಟ್ಟಿರುವ ಕಡೆ ಅವಳೂ ಖಾಲಿಯೇ ಬಿಟ್ಟಿದ್ದಾಳೆ.

ನಮ್ಮ ತಾಲ್ಲೂಕಿನ ಯಾವ ಹೈಸ್ಕೂಲಿಗಾದರೂ ಈ ಪುಸ್ತಕಗಳು ಬೇಕಿದ್ದರೆ ತಂದುಕೊಡುತ್ತೇನೆ. ಮಳೆ ಮಾಪಕ ಇಡಲು ಶಾಲೆಯ ಅಂಗಳದಲ್ಲಿ ಮರದ ನೆರಳಿಲ್ಲದ ಒಂದು ಜಾಗ ಕೊಟ್ಟರೆ ಅದನ್ನೂ ನಾನೇ ತಂದು ನಿಲ್ಲಿಸಿಕೊಡುತ್ತೇನೆ. ಗ್ಲಾಸ್ ಒಡೆದರೆ ಇನ್ನೊಂದು ತರುತ್ತೇನೆ.

ಇಂತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಬೆಳೆಗಾರ, ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ